ಕಣ್ಣೀರು ಆರಿದ ಮೇಲೆ: ‘777 ಚಾರ್ಲಿ’ ಚಿತ್ರವನ್ನು ಕುರಿತು

ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ ತೆರೆ ಕಂಡದ್ದು 2022ರ ಜೂನ್ 10ರಂದು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಹಿಂದಿ, ತಮಿಳು, ತೆಲುಗು, ಮಲಯಾಳಂ ಭಾಷೆಗಳಿಗೂ ಡಬ್ ಆದ್ದರಿಂದ, ನೆರೆಹೊರೆಯವರಿಗೆ ‘ಇದು ನಮ್ಮವರು ಮಾಡಿದ ಚಿತ್ರ’ ಎಂದು ಹೇಳಿಕೊಳ್ಳುವ ಸುಯೋಗ ಹೊರನಾಡ ಕನ್ನಡಿಗರಿಗೂ ದೊರೆಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಚಿತ್ರ ನೋಡಿ ಕಣ್ಣೊರೆಸಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಈ ಲೇಖಕನೂ ಅತ್ತವರ ಪೈಕಿಯೇ. ಆದರೆ ಆ ಕಣ್ಣೀರು ಆರಿದ ಮೇಲೆ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳುವುದು ವಿಮರ್ಶೆಯ ಕೆಲಸ.

ಕಥೆ ಸರಳವಾದದ್ದು. ಬಾಲ್ಯದಲ್ಲೇ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಧರ್ಮ (ರಕ್ಷಿತ್ ಶೆಟ್ಟಿ) ಕಾರ್ಖಾನೆ, ಇಡ್ಲಿ, ಸಿಗರೇಟು, ಬೀರು ಇವಿಷ್ಟರಲ್ಲೇ ದಿನ ದೂಡುವ ಒಂಟಿ. ನಾಯಿಮರಿಗಳನ್ನು ಹುಟ್ಟಿಸಿ ಮಾರುವವನೊಬ್ಬನ ಕಾಟದಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ಒಂದು ಅವನ ಪಾಲಿಗೆ ಗಂಟುಬೀಳುತ್ತದೆ. ಮೊದಲು ದೂರ ತಳ್ಳಿದವನು ಆಮೇಲೆ ಬಿಟ್ಟಿರಲಾರದವನಾಗುತ್ತಾನೆ. ಅದಕ್ಕೆ ಕ್ಯಾನ್ಸರ್ ಎಂದು ತಿಳಿದಾಗ, ಟಿ.ವಿ.ಯಲ್ಲಿ ಹಿಮ ಕಂಡರೆ ಮೈಮರೆಯುವ ಆ ಪ್ರಾಣಿಗೆ ನಿಜವಾದ ಹಿಮವನ್ನೇ ತೋರಿಸಲು ಸೈಡ್‌ಕಾರ್ ಮೋಟಾರ್‌ಸೈಕಲ್ಲಿನಲ್ಲಿ ಹಿಮಾಲಯದತ್ತ ಹೊರಡುತ್ತಾನೆ.

ನಾಯಕನಿಗೆ ಧರ್ಮನೆಂದು ಹೆಸರಿಟ್ಟು, ನಾಯಿಯೊಡನೆ ಹಿಮಾಲಯಕ್ಕೆ ಕಳಿಸಿದರೆ ಮಹಾಭಾರತದ ಮಹಾಪ್ರಸ್ಥಾನ ನೆನಪಾಗದಿರದು. ಧರ್ಮರಾಯನನ್ನು ಕೊನೆಯವರೆಗೂ ಹಿಂಬಾಲಿಸಿದ್ದು ನಾಯಿಯೊಂದೇ. ಅದನ್ನು ಬಿಟ್ಟು ರಥವೇರು ಎಂದು ಇಂದ್ರ ಕರೆದಾಗ, ನಂಬಿ ಬಂದವರನ್ನು ಕೈಬಿಡುವುದು ಮಹಾಪಾಪವೆಂದು ಹೇಳಿ ಅವನು ಸ್ವರ್ಗವನ್ನೇ ಒಲ್ಲೆನೆನ್ನುತ್ತಾನೆ. ಗಮನಿಸಬೇಕಾದ ಸಂಗತಿ, ಅಲ್ಲಿ ಮುದ್ದಿನ ಮಾತೇ ಇಲ್ಲ. ನಾಯಿ ಚೆಂದ ಎಂದಾಗಲಿ, ಅದರಿಂದ ತನಗೆ ಸುಖ ಎಂದಾಗಲಿ ಧರ್ಮರಾಯ ವಾದಿಸುವುದಿಲ್ಲ. ಅವನ ವಾದವೆಲ್ಲ ಕರ್ತವ್ಯದ್ದು.

ಚಿತ್ರದ ಬಲವೂ ದೌರ್ಬಲ್ಯವೂ ಇಲ್ಲೇ ಇವೆ. ಅರವಿಂದ್ ಕಶ್ಯಪರ ಛಾಯಾಗ್ರಹಣ, ನೋಬಿನ್ ಪಾಲ್ ಅವರ ಸಂಗೀತ, ನಾಯಿಯ ಅಭಿನಯದ ಹಿಂದಿರುವ ತರಬೇತಿ, ಇವೆಲ್ಲ ಮೆಚ್ಚಬೇಕಾದುವೇ. ಆದರೆ ಪ್ರೀತಿಯನ್ನು ಸಾರಿದಷ್ಟು ಕರ್ತವ್ಯವನ್ನು ಚಿತ್ರ ಕಾಣಿಸುವುದಿಲ್ಲ. ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡುವುದು ಭವ್ಯ, ನಿಜ. ಹತ್ತು ಹನ್ನೆರಡು ವರ್ಷ ಮಳೆಯೆನ್ನದೆ ಚಳಿಯೆನ್ನದೆ ಬೆಳಗಿನ ಐದೂವರೆಗೆ ಎದ್ದು ಹೊರಗೆ ಕರೆದೊಯ್ಯುವುದು, ಹೇಲು ಬಳಿಯುವುದು, ವರ್ಷ ವರ್ಷ ರೇಬೀಸ್ ಚುಚ್ಚುಮದ್ದು ಹಾಕಿಸುವುದು ಭವ್ಯವಲ್ಲ, ಸಾಕುವುದೆಂದರೆ ಅದೇ. ತೇಜಸ್ವಿಯವರ ‘ಕರ್ವಾಲೊ’ದ (1980) ಕಿವಿಯನ್ನು ನೆನೆಯಿರಿ. ಅದು ನಾಯಿಯಾಗಿಯೇ ಉಳಿಯುತ್ತದೆ, ನಮ್ಮನ್ನು ಅಳಿಸುವ ಹೊಣೆ ಅದಕ್ಕಿಲ್ಲ. ಚಾರ್ಲಿ ಮಾತ್ರ ಆಗಾಗ ನಮ್ಮ ದುಃಖಕ್ಕೆ ಒದಗಿಬರುವ ದೇವತೆಯಾಗಿಬಿಡುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಹತ್ತಿರದ ಸಂಬಂಧಿ ನಾಯಿಗಳನ್ನೇ ಕೂಡಿಸಿ ಮರಿ ಹಾಕಿಸುವ ಲಾಭಕೋರತನವನ್ನು ಚಿತ್ರ ಧೈರ್ಯವಾಗಿ ಖಂಡಿಸಿದೆ. ಇದಕ್ಕೆ ಅಭಿನಂದನೆ ಸಲ್ಲಬೇಕು. ಒಂದೇ ವಂಶದೊಳಗೆ ಕೂಡಿಸುತ್ತ ಹೋದರೆ, ಅಡಗಿದ್ದ ದೋಷಗಳು ತಾಯಿತಂದೆಯರಿಬ್ಬರಿಂದಲೂ ಬಂದು ಜೋಡಿಯಾಗಿ ಹೊರಬೀಳುತ್ತವೆಂಬುದು ಬಿ.ಎಸ್ಸಿ. ತರಗತಿಯಲ್ಲಿ ಮೆಂಡೆಲನ ಬಟಾಣಿಯನ್ನು ಓದಿದವರಿಗೆಲ್ಲ ಗೊತ್ತು. ಹಾಗಿರುವಾಗ, ಅದೇ ರೋಗಿಷ್ಠ ತಾಯಿ ಕೊನೆಗೆ ಮರಿ ಹಾಕಿ ಸಾಯುವುದನ್ನು ಪ್ರೇಕ್ಷಕನಿಗೆ ಸಮಾಧಾನವೆಂಬಂತೆ ನೀಡಿದ್ದು ಸರಿಯೆ? ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಒಂದು ಮಾತು ಹೇಳಬಹುದಾಗಿದ್ದ ಕಡೆ ಚಿತ್ರ ಪವಾಡವನ್ನು ಆರಿಸಿಕೊಂಡಿತು. ಹೀಗೆ ಮೊದಲರ್ಧ ಹೇಳಿದ್ದನ್ನು ಮುಕ್ತಾಯ ಸಡಿಲಗೊಳಿಸಿತು.

ಕಾನೂನೇನೋ ಇದೆ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದು ಹಟ ಹಿಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅದರ 11ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಅಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ! 2017ರ ನಿಯಮಗಳಂತೆ ನಾಯಿಮರಿ ಹುಟ್ಟಿಸಿ ಮಾರುವವರು ನೋಂದಣಿ ಮಾಡಿಸಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಕೊಳ್ಳುವ ನಾವು ಎಷ್ಟು ಮಂದಿ ನೋಂದಣಿ ಪತ್ರ ಕೇಳುತ್ತೇವೆ?

ಇಷ್ಟು ಬರೆದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾವಿರುವುದು ಸರ್ಕಾರಿ ವಸತಿಗೃಹಗಳಲ್ಲಿ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ. ಒಂದು ನಾಯಿಯ ಆಯುಸ್ಸಿನಲ್ಲಿ ಮೂರು ಊರು. ಚಿತ್ರ ನೋಡಿದ ಮರುವರ್ಷ ನಮ್ಮ ಬ್ಲಾಕಿನ ಕುಟುಂಬವೊಂದು ವರ್ಗವಾಗಿ ಹೋಗುವಾಗ ಸಾಮಾನೆಲ್ಲ ಲಾರಿಗೇರಿಸಿ, ಸಾಕಿದ ನಾಯಿಯನ್ನು ಬಿಟ್ಟುಹೋಯಿತು. ಶುಲ್ಕ ಕಟ್ಟಿ ರೈಲಿನ ಮೊದಲ ದರ್ಜೆಯ ಕೂಪೆಯಲ್ಲೋ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲೋ ಒಯ್ಯಲು ಅವಕಾಶವಿದ್ದೂ ಹೀಗೆ. ಬೀಗ ಹಾಕಿದ ಬಾಗಿಲ ಮುಂದೆ ಅದು ಮಲಗಿತ್ತು. ನಾವೆಲ್ಲ ಸರದಿಯಂತೆ ಮೊಸರನ್ನ ಹಾಕಿದೆವು. ಬಾಗಿಲು ಮಾತ್ರ ಯಾರೂ ತೆರೆಯಲಿಲ್ಲ, ನಾನೂ ತೆರೆಯಲಿಲ್ಲ. ಆರನೆಯ ದಿನ ಅದು ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ವಿಚಾರಿಸಲು ನಾಚಿಕೆಯಾಯಿತು. ಚಾರ್ಲಿಗಾಗಿ ಅತ್ತವನು ನಾನೇ ಅಲ್ಲವೆ?

ಆ ವರ್ಷವೇ ಮಗಳು ಚಾರ್ಲಿಯಂಥದೊಂದು ಮರಿ ಬೇಕೆಂದು ಹಟ ಹಿಡಿದಳು. ಬೇಡವೆಂದೆ. ಕಾರಣ ಕೇಳಿದಳು. ಮೆಟ್ಟಿಲ ಬಳಿಯ ಆ ಬಾಗಿಲನ್ನು ತೋರಿಸಿದೆ. ಅವಳು ಮತ್ತೆ ಕೇಳಲಿಲ್ಲ.

ದೋಷಗಳೇನೇ ಇರಲಿ, ಮೂಕಪ್ರಾಣಿಯೊಂದನ್ನು ಕಥೆಯ ನಡುವೆ ಕೂರಿಸಿ ಲಕ್ಷಾಂತರ ಮಂದಿಯ ಮನ ಕಲಕಿದ ಚಿತ್ರ ಇದು, ಎಲ್ಲರೂ ನೋಡಬೇಕು. ನೋಡಿ ಮನೆಗೆ ಬಂದವರು ಮರಿ ಕೊಳ್ಳಲು ಓಡದೆ, ಮುಂದಿನ ಹನ್ನೆರಡು ವರ್ಷ ತಾವು ಎಲ್ಲಿರುತ್ತೇವೆ, ಹೇಗಿರುತ್ತೇವೆ ಎಂದು ಒಮ್ಮೆ ಲೆಕ್ಕ ಹಾಕಲಿ. ಸಾಕಬಲ್ಲವರು ಬೀದಿಯದೊಂದನ್ನು ತಂದು ಸಾಕಲಿ. ಸಾಕಲಾರೆವೆಂದು ಮೊದಲೇ ಒಪ್ಪಿಕೊಳ್ಳುವುದೂ ಪ್ರಾಣಿದಯೆಯೇ.