ತಳದಲ್ಲಿ ತಂಗುವ ಯಂತ್ರ

2007ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಮಾಂಟೆರೆ ಕಣಿವೆಯಲ್ಲಿ, ಸುಮಾರು 1,400 ಮೀಟರ್ ಆಳದ ಬಂಡೆಯೊಂದಕ್ಕೆ ಹೆಣ್ಣು ಆಕ್ಟೋಪಸ್ ಅಂಟಿಕೊಂಡು ಕೂತಿತ್ತು. ಮೈಯಡಿಯಲ್ಲಿ ಮೊಟ್ಟೆಗಳು. ಹಿಂದಿನ ತಿಂಗಳು ಸಂಶೋಧಕರ ವಾಹನ ಅಲ್ಲಿಗೆ ಇಳಿದಿದ್ದಾಗ ಆ ಬಂಡೆ ಖಾಲಿಯಿತ್ತು. ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯವರು ಮುಂದಿನ ನಾಲ್ಕೂವರೆ ವರ್ಷಗಳಲ್ಲಿ 18 ಸಲ ತಮ್ಮ ದೂರನಿಯಂತ್ರಿತ ವಾಹನಗಳನ್ನು, ಅಂದರೆ ಆರ್‌ಒವಿಗಳನ್ನು, ಅದೇ ಜಾಗಕ್ಕೆ ಇಳಿಸಿದರು. ಪ್ರತಿ ಸಲವೂ ಅದೇ ತಾಯಿ. ಮೈಮೇಲಿನ ಗಾಯದ ಕಲೆಗಳೇ ಅದರ ಗುರುತು. ಪಕ್ಕದಲ್ಲೇ ಏಡಿ, ಸೀಗಡಿ ಸುಳಿದರೂ ಅದು ಬಾಯಿ ಹಾಕಲಿಲ್ಲ. ಯಂತ್ರದ ತೋಳಿನಿಂದ ಏಡಿಯ ತುಂಡು ಕೊಟ್ಟರೂ ಮುಟ್ಟಲಿಲ್ಲ. ಚರ್ಮ ಬಿಳುಚಿ ಜೋತುಬಿತ್ತು, ಮೊಟ್ಟೆಗಳು ಮಾತ್ರ ದಪ್ಪಗಾಗುತ್ತ ಹೋದವು. 2011ರ ಅಕ್ಟೋಬರ್‌ನಲ್ಲಿ ಹೋದಾಗ ತಾಯಿ ಇರಲಿಲ್ಲ, ಮರಿಗಳು ಹೊರಬಿದ್ದ ಖಾಲಿ ಕೋಶಗಳಿದ್ದವು.

53 ತಿಂಗಳ ಕಾವು! ಆ ಸಂಸ್ಥೆಯ ಬ್ರೂಸ್ ರಾಬಿಸನ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪ್ರಕಟಿಸಿದಾಗ, ಅಷ್ಟು ದೀರ್ಘ ಕಾವು ಯಾವ ಪ್ರಾಣಿಯಲ್ಲೂ ದಾಖಲಾಗಿರಲಿಲ್ಲ.

ಆರ್‌ಒವಿಗಳ ಮಾತು ಬಂದಾಗ ಜನ ಮೊದಲು ಕೇಳುವುದು ಆಳದ ದಾಖಲೆ. ಜಪಾನಿನ ಕೈಕೊ 1995ರ ಮಾರ್ಚ್‌ನಲ್ಲಿ ಸಾಗರದ ಅತಿ ಆಳದ ತಾಣವಾದ ಚಾಲೆಂಜರ್ ಡೀಪ್‌ನಲ್ಲಿ 10,911 ಮೀಟರ್ ಮುಟ್ಟಿತು. 2003ರಲ್ಲಿ ಕೇಬಲ್ ತುಂಡಾಗಿ ಕಳೆದುಹೋಯಿತು. ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ನೆರಿಯಸ್ 2009ರಲ್ಲಿ 10,902 ಮೀಟರ್ ತಲುಪಿತು. 2014ರಲ್ಲಿ ಕರ್ಮಡೆಕ್ ಕಂದಕದಲ್ಲಿ, 9,900 ಮೀಟರ್ ಆಳದಲ್ಲಿ, ಕೈತಪ್ಪಿತು. ದೊಡ್ಡ ಸಾಧನೆಗಳೇ, ಸಂಶಯವಿಲ್ಲ. ಆದರೂ ಈ ಯಂತ್ರಗಳ ನಿಜವಾದ ಹಿರಿಮೆ ಕಾಣುವುದು ಆ ಆಕ್ಟೋಪಸ್‌ನ ಕಥೆಯಲ್ಲಿ: ತಳದಲ್ಲಿ ಸಾವಕಾಶವಾಗಿ ನಿಲ್ಲುವುದು, ಹೋದ ಜಾಗಕ್ಕೇ ಮತ್ತೆ ಮತ್ತೆ ಹೋಗುವುದು.

ಅದು ಸಾಧ್ಯವಾಗುವುದು ಕೇಬಲ್‌ನಿಂದ. ಆಲ್ವಿನ್‌ನಂಥ ಮಾನವಸಹಿತ ಜಲಾಂತರ್ಗಾಮಿ ನೌಕೆ ಒಳಗಿನ ಮೂವರ ಉಸಿರಿಗೂ ಬ್ಯಾಟರಿಗೂ ಕಟ್ಟುಬಿದ್ದು ಸಂಜೆಯೊಳಗೆ ಮೇಲೆ ಬರಬೇಕು. ಆರ್‌ಒವಿಗೆ ಹಡಗಿನಿಂದಲೇ ವಿದ್ಯುತ್ ಇಳಿಯುತ್ತದೆ, ಅದೇ ಕೇಬಲ್‌ನ ಗಾಜಿನೆಳೆಗಳಲ್ಲಿ ಚಿತ್ರ ಮೇಲೇರುತ್ತದೆ. ಪೈಲಟ್‌ಗಳು ಪಾಳಿ ಬದಲಿಸಿಕೊಂಡರಾಯಿತು, ಯಂತ್ರ ರಾತ್ರಿಯಿಡೀ ಕೆಳಗೇ ಇರಬಲ್ಲದು. ತೊಡಕೂ ಕೇಬಲ್‌ನದೇ. ಮೇಲೆ ಹಡಗು ಅಲೆಗೆ ಎದ್ದು ಬಿದ್ದರೆ ಆ ಜಗ್ಗಾಟ ಕೆಳಗಿನವರೆಗೂ ಹೋಗುತ್ತದೆ. ಅದಕ್ಕಾಗಿ ಅಮೆರಿಕದ ಒಕಿಯಾನೋಸ್ ಎಕ್ಸ್‌ಪ್ಲೋರರ್ ಹಡಗಿನ ಡೀಪ್ ಡಿಸ್ಕವರರ್ ಒಂಟಿಯಾಗಿ ಇಳಿಯುವುದಿಲ್ಲ. ಸೀರಿಯೋಸ್ ಎಂಬ ಇನ್ನೊಂದು ವಾಹನ ಮೇಲುಗಡೆ ತೂಗುತ್ತ, ಹಡಗಿನ ಜಗ್ಗಾಟವನ್ನೆಲ್ಲ ತಾನು ತಾಳಿಕೊಂಡು, ಕೆಳಗೆ ಬೆಳಕು ಚೆಲ್ಲುತ್ತಿರುತ್ತದೆ.

ಇಂಥ ಡೈವ್‌ಗಳ ನೇರಪ್ರಸಾರ ನೋಡಿ ಪಳಗಿದವರ ಕಣ್ಣು ಮೀನಿಗಿಂತ ಮೊದಲು ಕೆಸರಿನ ಮೇಲಿರುತ್ತದೆ. ಸಾಮಾನ್ಯವಾಗಿ ವಾಹನವನ್ನು ನೀರಿಗಿಂತ ಒಂದಿಷ್ಟು ಹಗುರಾಗಿಸಿರುತ್ತಾರೆ. ಕೆಳಗಿಳಿಯಲು ನೀರನ್ನು ಮೇಲಕ್ಕೆ ತಳ್ಳಿದರೆ ಸಾಕು, ತಳದ ಹೂಳು ಏಳುವುದಿಲ್ಲ. ಒಳ್ಳೆಯ ಪೈಲಟ್ ಸ್ಪಂಜಿನ ಪಕ್ಕ ಒಂದು ಕಣವನ್ನೂ ಕದಡದೆ ನಿಲ್ಲಿಸುತ್ತಾನೆ. ತೆರೆಯ ಮೇಲೆ ಜೋಡಿ ಲೇಸರ್ ಚುಕ್ಕೆಗಳೂ ಕಾಣುತ್ತವೆ. ಅವುಗಳ ನಡುವಿನ ಅಂತರ ಮೊದಲೇ ಗೊತ್ತಿರುವುದರಿಂದ ಎದುರಿನ ಜೀವಿಯ ಗಾತ್ರವನ್ನು ಅಲ್ಲೇ ಲೆಕ್ಕಹಾಕಬಹುದು. ಜೆಲ್ಲಿಯಂಥ ಮೈಯ ಪ್ರಾಣಿಯನ್ನು ಹೀರುಗೊಳವೆಯಿಂದ ಹರಿಯದಂತೆ ಡಬ್ಬಿಗೆ ಸೆಳೆದುಕೊಳ್ಳುವುದಂತೂ ನಿಜವಾದ ಕುಶಲಕಲೆ.

ಸಾವಕಾಶದ ಫಲ ಕೆಲವೊಮ್ಮೆ ಅನಿರೀಕ್ಷಿತವಾಗಿ ಸಿಗುತ್ತದೆ. 1925ರಲ್ಲೇ ವಿಜ್ಞಾನ ಹೆಸರಿಟ್ಟಿದ್ದ ಕೊಲೊಸಲ್ ಸ್ಕ್ವಿಡ್ ತನ್ನ ನೆಲೆಯಲ್ಲಿ ಈಜುತ್ತಿರುವ ಖಚಿತ ಚಿತ್ರ ನೂರು ವರ್ಷ ಯಾರಿಗೂ ಸಿಕ್ಕಿರಲಿಲ್ಲ. 2025ರ ಮಾರ್ಚ್ 9ರಂದು ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ, ಸುಮಾರು 600 ಮೀಟರ್ ಆಳದಲ್ಲಿ, ಶ್ಮಿಟ್ ಸಾಗರ ಸಂಸ್ಥೆಯ ಸುಬಾಸ್ಟಿಯನ್ ಎಂಬ ಆರ್‌ಒವಿ ಅದನ್ನು ಸೆರೆಹಿಡಿಯಿತು. ಏಳು ಮೀಟರ್‌ವರೆಗೆ ಬೆಳೆಯಬಹುದೆಂದು ಅಂದಾಜಿಸಿರುವ ಆ ಜೀವಿಯ ಮರಿ ಅದು. ಶಾಲೆಯ ಅಳತೆಪಟ್ಟಿಯಷ್ಟೇ ಉದ್ದ, ಗಾಜಿನಂಥ ಪಾರದರ್ಶಕ ಮೈ.

ಭಾರತದಲ್ಲೂ ಇಂಥ ಯಂತ್ರವಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000, 2010ರಲ್ಲಿ ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ 5,289 ಮೀಟರ್ ಇಳಿದಿತ್ತು. ಈಗ ಸುದ್ದಿಯೆಲ್ಲ ಮೂವರನ್ನು ಆಳಕ್ಕೆ ಹೊತ್ತೊಯ್ಯಲಿರುವ ಮತ್ಸ್ಯ 6000 ನೌಕೆಯದು. ಆ ಉತ್ಸಾಹ ಸರಿಯೇ. ಆದರೆ ನಮ್ಮ ಸಾಗರದ ಒಂದೇ ಬಂಡೆಯನ್ನು ವರ್ಷಗಟ್ಟಲೆ ನೋಡಬೇಕಾದರೆ ರೋಸಬ್‌ನಂಥ ಯಂತ್ರಕ್ಕೇ ಹೆಚ್ಚು ಹಡಗುದಿನಗಳು ಸಿಗಬೇಕು.

ನೋಡುವ ಆಸೆಯುಳ್ಳವರು ಶ್ಮಿಟ್ ಸಂಸ್ಥೆಯ ಯೂಟ್ಯೂಬ್ ವಾಹಿನಿಯಿಂದ ಆರಂಭಿಸಬಹುದು. ಡೈವ್ ಹವಾಯಿಯ ಕಡೆಯದಾದರೆ, ಅಲ್ಲಿನ ಬೆಳಗಿನ ಎಂಟು ಗಂಟೆ ನಮಗೆ ರಾತ್ರಿ ಹನ್ನೊಂದೂವರೆ. ಇಳಿಯುವ ಹೊತ್ತಿನಲ್ಲೇ ಬೇಸತ್ತು ಮಲಗಬೇಡಿ: ಮೂರು ಸಾವಿರ ಮೀಟರ್ ಆಳಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು, ಆ ನಡುನೀರಿನಲ್ಲೂ ಜೆಲ್ಲಿಯಂಥ ಮೈಯ, ಹೊಳೆಯುವ ಸೈಫನೋಫೋರ್‌ಗಳು ಹಾದುಹೋಗುತ್ತವೆ.