ಪುರಸಭೆಗೆ ಕೋರ್ಟು ಹೇಳಿದ್ದು, ಹೇಳದೆ ಬಿಟ್ಟಿದ್ದು

ಪುರಸಭೆ ಚರಂಡಿ ಕಟ್ಟಿಸದಿದ್ದರೆ ಜನ ಯಾರನ್ನು ಕೇಳಬೇಕು? ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಪ್ರಕರಣದಲ್ಲಿ 1980ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟಿತು. ಆ ತೀರ್ಪನ್ನು ಇಂದು ಓದಿದಾಗ ಅದರ ದೊಡ್ಡತನ ಮನಸ್ಸಿಗೆ ತಟ್ಟುತ್ತದೆ. ಅದು ಮುಟ್ಟದೆ ಬಿಟ್ಟ ಸಂಗತಿಯೂ ಅಷ್ಟೇ ಎದ್ದು ಕಾಣುತ್ತದೆ.

ವ್ಯಾಜ್ಯ ಹುಟ್ಟಿದ್ದು ಒಂದು ವಾರ್ಡಿನ ತೆರೆದ ಚರಂಡಿಯಿಂದ. ಕೊಳೆಗೇರಿಯ ಬಡವರಿಗೆ ಶೌಚಾಲಯವಿರಲಿಲ್ಲ, ರಸ್ತೆ ಬದಿಯೇ ಗತಿ. ಮದ್ಯಸಾರದ ಕಾರ್ಖಾನೆಯ ನಾರುವ ನೀರು ಬೀದಿಗೆ ಬರುತ್ತಿತ್ತು. ನಿವಾಸಿಗಳು ಸಾರ್ವಜನಿಕ ಉಪದ್ರವ ತೆಗೆಸುವ, ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನಡಿ ಉಪವಿಭಾಗ ದಂಡಾಧಿಕಾರಿಯ ಮುಂದೆ ದೂರಿಟ್ಟರು. ಆರು ತಿಂಗಳೊಳಗೆ ಯೋಜನೆ ಸಿದ್ಧಪಡಿಸಲು ದಂಡಾಧಿಕಾರಿ ಆದೇಶಿಸಿದರು. ಸೆಷನ್ಸ್ ಕೋರ್ಟ್ ಅದನ್ನು ರದ್ದುಪಡಿಸಿದರೆ ಹೈಕೋರ್ಟ್ ಎತ್ತಿಹಿಡಿಯಿತು. ಪುರಸಭೆ ಸುಪ್ರೀಂ ಕೋರ್ಟಿಗೆ ಹೋಯಿತು. ತನ್ನಲ್ಲಿ ಹಣವಿಲ್ಲ, ಅಲ್ಲಿನ ಸ್ಥಿತಿ ಗೊತ್ತಿದ್ದೇ ಈ ಜನ ಮನೆ ಕಟ್ಟಿಕೊಂಡಿದ್ದಾರೆ ಎಂಬುದು ಅದರ ವಾದ.

ನ್ಯಾಯಮೂರ್ತಿಗಳಾದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಇದನ್ನು ಒಪ್ಪಲಿಲ್ಲ. ಬೊಕ್ಕಸ ಬರಿದಾಗಿದೆ ಎಂಬುದು ಶಾಸನಬದ್ಧ ಕರ್ತವ್ಯದಿಂದ ಜಾರಿಕೊಳ್ಳಲು ನೆಪವಾಗದು, ಮನುಷ್ಯನ ಘನತೆಯಲ್ಲಿ ಚೌಕಾಸಿಯಿಲ್ಲ ಎಂದಿತು. ಸಾರ್ವಜನಿಕ ಶೌಚಾಲಯ ಕಟ್ಟಿಸಲು, ಕಾರ್ಖಾನೆಯ ಕೊಳಚೆ ತಡೆಯಲು ನಿರ್ದೇಶನ ಕೊಟ್ಟಿತು. ಧೂಳು ಹಿಡಿದಿದ್ದ ಹಳೆಯ ಕಲಮೊಂದು ಬಡ ಬಡಾವಣೆಯವರ ಕೈಗೆ ಆಯುಧವಾಗಿ ಸಿಕ್ಕಿತು. ಈ ತೀರ್ಪಿನ ನಿಜವಾದ ಸಾಧನೆ ಇದು.

ಆದರೆ ಪುರಸಭೆಯ ಕೈ ಏಕೆ ಬರಿದಾಗಿತ್ತು ಎಂಬ ಪ್ರಶ್ನೆಯನ್ನು ತೀರ್ಪು ಆಳವಾಗಿ ಕೆದಕಲಿಲ್ಲ. ಸಾರ್ವಜನಿಕ ಆರೋಗ್ಯದ ಹೊಣೆ ಹೇಳುವ ಸಂವಿಧಾನದ 47ನೇ ವಿಧಿಯನ್ನು ರಾಜ್ಯ ಸರ್ಕಾರಕ್ಕೆ ನೆನಪಿಸಿತು, ಸಾಲ ಅಥವಾ ಅನುದಾನ ಕೇಳುವಂತೆ ಪುರಸಭೆಗೆ ಹೇಳಿತು, ಅನಗತ್ಯ ವೆಚ್ಚ ಇಳಿಸಲೂ ಹೇಳಿತು. ನೆರವು ಕೇಳಿ ಪಡೆಯಬೇಕಾದದ್ದಾಗಿಯೇ ಉಳಿಯಿತು, ಹಕ್ಕಾಗಲಿಲ್ಲ. ಮಾಡದಿದ್ದರೆ ಶಿಕ್ಷೆ ಪುರಸಭೆಗೆ. ಹಣದ ಕೀಲಿಕೈ ಮಾತ್ರ ರಾಜ್ಯದ ರಾಜಧಾನಿಯಲ್ಲಿ.

ಆಗ ಪಟ್ಟಣಗಳಿಗೆ ಸಾಂವಿಧಾನಿಕ ಸ್ಥಾನವಿರಲಿಲ್ಲ ಎಂದು ಕೋರ್ಟಿನ ಪರವಾಗಿ ಹೇಳಬಹುದು, ಅದು ನ್ಯಾಯವೂ ಹೌದು. ಆದರೆ ಆ ಸ್ಥಾನವನ್ನು ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಯಾದ ಮೇಲೆ ಆ ಸಮಾಧಾನ ಸಲ್ಲದು. ಪುರಸಭೆಗೆ ಹಣದಷ್ಟೇ ಚುನಾಯಿತರೂ ಬೇಕು; ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಲೇಬೇಕು ಎಂದು 243-ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ, 2006ರಲ್ಲಿ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಖಚಿತವಾಗಿ ಸಾರಿತು: ಸಕಾರಣವಿಲ್ಲದ ನೆಪ ಹೇಳಿ ಚುನಾವಣೆ ಮುಂದೂಡುವಂತಿಲ್ಲ. ರತ್ಲಾಂ ತೀರ್ಪು ಬಿಟ್ಟ ಅರ್ಧವನ್ನು ತುಂಬುವ ತೀರ್ಪು ಇದು.

ಇಷ್ಟಾದರೂ ಬೆಂಗಳೂರಿನಲ್ಲಿ ಏನಾಯಿತು? ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಚುನಾವಣೆ ನಡೆಸಲು ಆದೇಶಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ವಾರ್ಡ್ ವಿಂಗಡಣೆ, ಮೀಸಲಾತಿ ಎಂದು ವರ್ಷಗಳು ಉರುಳಿದವು. ಕೊನೆಗೆ 2025ರಲ್ಲಿ ಆ ಪಾಲಿಕೆಯೇ ಐದಾಗಿ ಒಡೆಯಿತು, ನಡುವೆ ಒಂದು ಚುನಾವಣೆಯೂ ನಡೆಯಲಿಲ್ಲ. ರಸ್ತೆಗುಂಡಿಗೆ, ಕಸಕ್ಕೆ ಪಾಲಿಕೆಯನ್ನು ನಿಲ್ಲಿಸಿ ಕೇಳುವ ನ್ಯಾಯಾಂಗ, ಆ ಪಾಲಿಕೆಗೆ ಕಾರ್ಪೊರೇಟರ್‌ಗಳೇ ಇಲ್ಲದ ಸ್ಥಿತಿಯನ್ನು ಇಷ್ಟು ದೀರ್ಘಕಾಲ ಸಹಿಸಬಾರದಿತ್ತು. ಚುನಾಯಿತರ ಜಾಗದಲ್ಲಿ ಕೂತ ಆಡಳಿತಾಧಿಕಾರಿ ಉತ್ತರ ಕೊಡುವುದು ಸರ್ಕಾರಕ್ಕೆ, ಬೀದಿಯವರಿಗಲ್ಲ.

ರತ್ಲಾಂ ಜನ ಕೋರ್ಟಿಗೆ ಹೋದದ್ದು ತಮ್ಮ ಪುರಸಭೆ ಕೆಲಸ ಮಾಡಲಿ ಎಂದು. ಕೆಲಸ ಮಾಡಬೇಕಾದ ಸಂಸ್ಥೆಗೆ ಹಣವೂ ಚುನಾಯಿತರೂ ಇರಬೇಕು. ಹಾಗಾಗಿ ಪಟ್ಟಣವೊಂದನ್ನು ಕಟಕಟೆಗೆ ಕರೆದಾಗಲೆಲ್ಲ ರಾಜ್ಯ ಸರ್ಕಾರವನ್ನೂ ಪಕ್ಕದಲ್ಲಿ ನಿಲ್ಲಿಸಿ, ಅನುದಾನ ಎಷ್ಟು ಕೊಟ್ಟಿರಿ, ಚುನಾವಣೆ ಯಾವಾಗ ನಡೆಸಿದಿರಿ ಎಂದು ನ್ಯಾಯಾಲಯ ಕೇಳಬೇಕು. ಆಗಲೇ 1980ರ ಆ ತೀರ್ಪು ಪೂರ್ಣವಾಗುತ್ತದೆ.