ಗುಂಡಿ ಮುಚ್ಚಿದ ಮೇಲೆ ಉಳಿಯುವ ಪ್ರಶ್ನೆ

ಬಾದಲ್ ನಂಜುಂಡಸ್ವಾಮಿ ಅವರ ಬೀದಿಕಲೆಯನ್ನು ಮೆಚ್ಚುವವರು ಮೊದಲು ಹೇಳುವುದು ಅದರಿಂದಾದ ಕೆಲಸವನ್ನು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಅವರು ಫೈಬರ್ ಮೊಸಳೆ ತಂದಿಟ್ಟರು. ಚಿತ್ರ ಎಲ್ಲೆಡೆ ಹಬ್ಬಿದ ಬೆನ್ನಲ್ಲೇ ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರ್‌ನಲ್ಲಿ ಹೇರೋಹಳ್ಳಿ ಕಡೆಯ ರಸ್ತೆಯಲ್ಲಿ ‘ಚಂದ್ರನ ಮೇಲಿನ ನಡಿಗೆ’ ಚಿತ್ರಿಸಿದಾಗಲೂ ಹೀಗೇ ಆಯಿತು. ದಿನವೂ ಆ ದಾರಿಯಲ್ಲಿ ಓಡಾಡುವವರಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಮುಚ್ಚಿದ ಗುಂಡಿಯನ್ನೇ ಈ ಕಲೆಯ ಗೆಲುವೆಂದು ಎಣಿಸಿದರೆ ಅದರ ನಿಜವಾದ ಶಕ್ತಿಯೂ ಕಾಣುವುದಿಲ್ಲ, ಮಿತಿಯೂ ಕಾಣುವುದಿಲ್ಲ.

ಶಕ್ತಿ ಎಲ್ಲಿದೆ ಎಂದು ತಿಳಿಯಲು ಆ ಚಂದ್ರನ ವಿಡಿಯೋವನ್ನೇ ನೋಡಬೇಕು. ಕತ್ತಲೆ, ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ಗುರುತ್ವಾಕರ್ಷಣೆಯೇ ಕಡಿಮೆಯಾದಂತೆ ನಿಧಾನವಾಗಿ ಒಂದೊಂದೇ ಹೆಜ್ಜೆ ಊರುತ್ತಾರೆ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಕಿತ್ತುಹೋದ ರಸ್ತೆಯ ಹಳ್ಳಗಳಿಗೆ ಉದ್ದನೆಯ ನೆರಳು ಮೂಡಿ, ಅವು ಚಂದ್ರನ ಕುಳಿಗಳೇ ಆಗಿಬಿಡುತ್ತವೆ. ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋ ಹಾದುಹೋಗುತ್ತದೆ. ಚಂದ್ರಯಾನ-2ರ ಲ್ಯಾಂಡರ್ ಇಳಿಯುವುದನ್ನು ದೇಶವೇ ಕಾಯುತ್ತಿದ್ದ ವಾರ ಅದು. ಅಲ್ಲಿಯವರೆಗೆ ಮುಟ್ಟಬಲ್ಲ ನಾಡಿಗೆ ಬಡಾವಣೆಯ ರಸ್ತೆ ಯಾಕೆ ಕೈಗೆಟುಕುತ್ತಿಲ್ಲ ಎಂಬ ಪ್ರಶ್ನೆಯನ್ನು ಬಾದಲ್ ಒಂದು ಮಾತೂ ಆಡದೆ ಕೇಳಿದರು. ಗುಂಡಿಯ ಆಕಾರ, ಆಳ, ಅದು ನಿಂತ ಜಾಗವೇ ಇಲ್ಲಿ ಚಿತ್ರವನ್ನು ರೂಪಿಸಿವೆ; ಕಲಾವಿದ ಹೊರಗಿನಿಂದ ಸೇರಿಸಿದ್ದು ಬಹಳ ಕಡಿಮೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಪಳಗಿದ ಕಣ್ಣಿನ ಕೆಲಸವಿದು.

ಇದು ಕಲೆಯಲ್ಲ, ಜಾಹೀರಾತಿನ ಚಮತ್ಕಾರ ಎನ್ನುವವರಿದ್ದಾರೆ. ಬಾದಲ್ ಜಾಹೀರಾತು ಸಂಸ್ಥೆಯಲ್ಲಿ ದುಡಿದವರು ಎಂಬುದು ನಿಜ. ಒಂದೇ ನೋಟಕ್ಕೆ ಅರ್ಥವಾಗಬೇಕೆಂಬ ಶಿಸ್ತು ಅಲ್ಲಿಂದಲೂ ಬಂದಿರಬಹುದು. ಆದರೆ ಈ ಕಲೆಗೆ ಅದಕ್ಕಿಂತ ಹಳೆಯ ಬೇರು ನಮ್ಮಲ್ಲೇ ಇದೆ. ಕೆಸರುಗದ್ದೆಯಾದ ರಸ್ತೆಯಲ್ಲಿ ಭತ್ತದ ಪೈರು ನಾಟಿ ಮಾಡಿ ಪ್ರತಿಭಟಿಸುವುದು ಕರ್ನಾಟಕದ ಊರೂರಲ್ಲಿ ಮಳೆಗಾಲ ಬಂದರೆ ಕಾಣುವ ದೃಶ್ಯ. ನಾಟಿ ಮಾಡುವ ಊರಿನವರೂ ಮೊಸಳೆ ಬಿಡುವ ಕಲಾವಿದನೂ ಮಾಡುವುದು ಒಂದೇ: ಇದು ರಸ್ತೆ ಎಂದು ನೀವು ಹೇಳುವುದಾದರೆ, ಇಲ್ಲಿ ನಿಜವಾಗಿ ಇರುವುದೇನು ಎಂದು ತೋರಿಸುವುದು. ಬಾದಲ್ ಈ ಜನಪದ ಜಾಣ್ಮೆಗೆ ಕುಸುರಿ ಕೊಟ್ಟರು. ಅದನ್ನು ಗಿಮಿಕ್ ಎಂದು ತಳ್ಳಿಹಾಕುವುದು ಆ ಊರಿನವರನ್ನೂ ತಳ್ಳಿಹಾಕಿದಂತೆ.

ನನ್ನ ತಕರಾರು ಬೇರೆ. ತುರ್ತಾಗಿ ನಡೆಯುವ ದುರಸ್ತಿಯಲ್ಲಿ ಆಡಳಿತಕ್ಕೂ ಒಂದು ಅನುಕೂಲವಿದೆ: ಜಲ್ಲಿ, ಡಾಂಬರು ಸುರಿದೊಡನೆ ಸಾಕ್ಷ್ಯ ಅಳಿಸಿಹೋಗುತ್ತದೆ, ಮಾತೂ ಅಲ್ಲಿಗೆ ನಿಲ್ಲುತ್ತದೆ. ಗುತ್ತಿಗೆ ಯಾರದ್ದು, ಬಿಲ್ ಪಾಸು ಮಾಡಿದವರು ಯಾರು, ಪೈಪಿಗೆಂದು ಅಗೆದ ರಸ್ತೆಯನ್ನು ಸರಿಯಾಗಿ ಮುಚ್ಚದೆ ಹೋದವರು ಯಾರು ಎಂಬಲ್ಲಿಗೆ ಚರ್ಚೆ ತಲುಪುವುದೇ ಇಲ್ಲ. ಕ್ಯಾಮೆರಾ ಹೋದ ಬೀದಿಗೆ ದುರಸ್ತಿ, ಹೋಗದ ಬೀದಿಗೆ ಕಾಯುವಿಕೆ. ಒಬ್ಬ ಕಲಾವಿದನ ಹೆಗಲಿಗೆ ಇಡೀ ವ್ಯವಸ್ಥೆಯ ಭಾರ ಹೊರಿಸುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಪರಿಹಾರ ಕೊಡಲಿ ಎಂದು ನಾನು ಕೇಳುತ್ತಿಲ್ಲ. ನೋಟ ಇನ್ನೂ ಅಗಲವಾಗಲಿ ಎನ್ನುತ್ತಿದ್ದೇನೆ. ಅದು ಸಾಧ್ಯ ಎಂಬುದಕ್ಕೆ ನಮ್ಮ ಬೀದಿಯೇ ಸಾಕ್ಷಿ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ‘ಬೆಲ್ಚಿ’ ಬೀದಿನಾಟಕದಲ್ಲಿ ಬಿಹಾರದ ಬೆಲ್ಚಿ ಹಳ್ಳಿಯ ಕೂಲಿಕಾರರ ಹತ್ಯೆಯನ್ನು ಕನ್ನಡದ ಜನರ ಮುಂದಿಟ್ಟಾಗ, ಕೊಂದವರು ಯಾರು ಎಂಬುದರ ಜೊತೆಗೆ ಕೊಲ್ಲಲು ಬಿಟ್ಟದ್ದು ಯಾವುದು ಎಂಬ ಪ್ರಶ್ನೆಯೂ ಅದರೊಳಗಿತ್ತು.

ಬಾದಲ್ ಅವರ ಕೆಲಸಗಳಲ್ಲಿ ಈ ದಿಕ್ಕಿಗೆ ತೀರಾ ಹತ್ತಿರ ಬಂದದ್ದು ಮುಚ್ಚಳವಿಲ್ಲದ ಮ್ಯಾನ್‌ಹೋಲಿನ ಸುತ್ತ ಯಮನ ಮುಖ ಬರೆದ ಚಿತ್ರ. ಆ ತೂತೇ ಯಮನ ಬಾಯಿ. ದಾರಿಹೋಕರಿಗೂ ಬೈಕ್ ಸವಾರರಿಗೂ ಅದು ಎಚ್ಚರಿಕೆ. ಆದರೆ ಅಂಥದೇ ಬಾಯೊಳಗೆ ಶುಚಿಗೊಳಿಸಲು ಇಳಿದು ಉಸಿರುಗಟ್ಟಿ ಸತ್ತ ಕಾರ್ಮಿಕರಿದ್ದಾರೆ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲೂ 2013ರಲ್ಲೂ ಕಾನೂನು ಬಂದ ಮೇಲೂ ಆ ಸಾವು ನಿಂತಿಲ್ಲ, ಸಾಯುವವರಲ್ಲಿ ಹೆಚ್ಚಿನವರು ದಲಿತರು. ಆ ಚಿತ್ರ ರಸ್ತೆಯ ಮೇಲೆ ಹೋಗುವವರ ಕಣ್ಣಿನಿಂದ ಯಮನನ್ನು ಕಂಡಿತು. ಕೆಳಗೆ ಇಳಿಯುವವನ ಕಣ್ಣಿನಿಂದ ಕಂಡ ಚಿತ್ರವನ್ನು ಈ ಪರಂಪರೆ ಇನ್ನೂ ಬರೆಯಬೇಕಿದೆ. ಅಂಥ ಚಿತ್ರವನ್ನು ಎರಡು ಬುಟ್ಟಿ ಜಲ್ಲಿ ಸುರಿದು ಮುಚ್ಚಲು ಯಾವ ಪಾಲಿಕೆಗೂ ಆಗದು.